ಬೆರಳಿಡುವ ಸಾಲು

“ಗುರುಗಳೇ, ಬಾಯಿಪಾಠ ಬಂದದ್ದನ್ನು ಮತ್ತೆ ಯಾಕೆ ಓದಬೇಕು?”

ಕೇಳಿದವನು ಕೊಟ್ರೇಶ. ಮಠದ ಶಾಲೆಯಲ್ಲಿ ಹತ್ತನೆಯ ತರಗತಿಯ ಹುಡುಗ. ಕನ್ನಡ ಪರೀಕ್ಷೆಗೆ ಮೂರು ದಿನ ಉಳಿದಿತ್ತು. ಓದಿದ್ದನ್ನು ತಿರುಗಿ ಓದಿ, ಬರೆದದ್ದನ್ನು ತಿರುಗಿ ನೋಡಿ ಎಂದು ಗುರುಗಳು ಎಲ್ಲರನ್ನೂ ಜಗಲಿಯ ಮೇಲೆ ಕೂರಿಸಿದ್ದರು. ಉಳಿದವರು ತಲೆ ತಗ್ಗಿಸಿ ಓದುತ್ತಿದ್ದರು. ಕೊಟ್ರೇಶನೊಬ್ಬ ಪುಸ್ತಕ ಮುಚ್ಚಿ, ಅದರ ಮೇಲೆ ಕೈ ಕಟ್ಟಿ ಕೂತಿದ್ದ.

ಅವನು ಬರೀ ಬಾಯಿಬಡುಕನಲ್ಲ. ಗದ್ಯ, ಪದ್ಯ ಎರಡನ್ನೂ ಅರೆದು ಕುಡಿದಿದ್ದ. ಯಾವ ಪಾಠದ ಯಾವ ಸಾಲು ಕೇಳಿದರೂ ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದ. ಪತ್ರ ಬರೆ ಎಂದರೆ ಪತ್ರ, ಪ್ರಬಂಧ ಬರೆ ಎಂದರೆ ಪ್ರಬಂಧ. ಪೆನ್ನು ಹಿಡಿದರೆ ಹಾಳೆ ತುಂಬಿಯೇ ಕೆಳಗಿಡುವವನು. ಪರೀಕ್ಷೆಯಲ್ಲಿ ಪುಸ್ತಕದಲ್ಲಿಲ್ಲದ ಒಂದು ಗದ್ಯಭಾಗ ಕೊಟ್ಟು ಕೆಳಗೆ ಐದು ಪ್ರಶ್ನೆ ಕೇಳುತ್ತಾರಲ್ಲ, ಅದಕ್ಕೂ ಅವನು ಹೆದರಿದವನಲ್ಲ. ಅಂಥವು ನೂರು ನೋಡಿದ್ದೇನೆ, ಮೊದಲ ಸಾಲು ಓದಿದರೆ ಕೊನೆಯ ಸಾಲು ಹೇಳುತ್ತೇನೆ ಎಂದು ಗೆಳೆಯರ ಮುಂದೆ ಎದೆ ತಟ್ಟಿಕೊಂಡಿದ್ದ.

ಅಂದು ಬೆಳಿಗ್ಗೆ ಗುರುಗಳು ಅಂಥದೇ ಒಂದು ಭಾಗ ಕೊಟ್ಟಿದ್ದರು. ಬಿಸಿಲಲ್ಲಿ ನಡೆದು ಬಂದ ಒಬ್ಬ ದಾರಿಹೋಕ ಒಂದು ಮನೆಯ ಮುಂದೆ ನಿಂತು ನೀರು ಕೇಳುವ ಕತೆ. ಉಳಿದವರು ಮುಕ್ಕಾಲು ಗಂಟೆ ತೆಗೆದುಕೊಂಡರು. ಕೊಟ್ರೇಶ ಹತ್ತು ನಿಮಿಷದಲ್ಲಿ ಬರೆದುಕೊಟ್ಟ. ಮನೆಯಾಕೆ ದಾರಿಹೋಕನಿಗೆ ಏನು ಕೊಟ್ಟಳು ಎಂಬುದು ನಾಲ್ಕನೆಯ ಪ್ರಶ್ನೆ. ‘ಬೆಲ್ಲ, ನೀರು ಕೊಟ್ಟಳು’ ಎಂದು ಕೊಟ್ರೇಶ ಬರೆದಿದ್ದ. ಗುರುಗಳು ಹಾಳೆಯನ್ನು ತಿರುಗಿ ಕೊಟ್ಟಾಗ ಆ ಉತ್ತರದ ಪಕ್ಕದಲ್ಲಿ ಒಂದು ಚುಕ್ಕೆ ಇತ್ತು. ಶಾಯಿ ಬಿದ್ದಿರಬೇಕು ಎಂದುಕೊಂಡು ಅವನು ಹಾಳೆಯನ್ನು ಮಡಚಿಟ್ಟಿದ್ದ.

ಅವನ ಪ್ರಶ್ನೆಗೆ ಗುರುಗಳು ಉತ್ತರ ಹೇಳಲಿಲ್ಲ. ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಕಂಬಳಿ ನೇಕಾರನಿದ್ದ. ಇಡೀ ಊರಿಗೆ ಓದುಬರಹ ಬಲ್ಲವನು ಅವನೊಬ್ಬನೇ. ಅಕ್ಷರ ಕಲಿಸಿದವರು ಯಾರು ಎಂದು ಯಾರಾದರೂ ಕೇಳಿದರೆ, ನನಗೆ ನಾನೇ ಕಲಿಸಿದೆ ಎನ್ನುತ್ತಿದ್ದ. ಅದು ನಿಜವೂ ಆಗಿತ್ತು. ಚಿಕ್ಕವನಿದ್ದಾಗ ಕುರಿಯ ಹಿಂದೆ ಹೋಗಿ, ಮೈಲಿಗಲ್ಲಿನ ಅಕ್ಷರ ನೋಡಿ, ಗುಡಿಯ ಕಲ್ಲಿನ ಅಕ್ಷರ ಸವರಿ, ಸಂತೆಯಲ್ಲಿ ಉಪ್ಪು ಕಟ್ಟಿಕೊಟ್ಟ ಕಾಗದವನ್ನು ಬಿಡಿಸಿ ಹರಡಿ, ಹಾಗೆ ಒಂದೊಂದೇ ಅಕ್ಷರ ಕೂಡಿಹಾಕಿಕೊಂಡವನು. ಅಂಥವನಿಗೆ ಸೊಕ್ಕು ಇರಬಾರದು ಎಂದರೆ ಹೇಗೆ? ಇತ್ತು. ಅವನಿಗೆ ಸಲ್ಲುವಂಥ ಸೊಕ್ಕೇ.

ಅವನ ಓದು ಎಂದರೆ ಓದು. ವಾರಕ್ಕೊಮ್ಮೆ ಅಂಚೆಯವನು ಬರುತ್ತಿದ್ದ. ಕಾಗದ ಬಂದವರು ಅದನ್ನು ಹಿಡಿದು ನೇಕಾರನ ಮಗ್ಗದ ಮುಂದೆ ಬಂದು ಕೂರುತ್ತಿದ್ದರು. ಅವನು ಲಾಳಿಯನ್ನು ಪಕ್ಕಕ್ಕಿಟ್ಟು, ಕೈ ಒರೆಸಿಕೊಂಡು, ಕಾಗದ ಬಿಡಿಸಿ ಬಾಯಿ ತೆರೆದರೆ ಮುಗಿಯಿತು. ಎಲ್ಲೂ ನಿಲ್ಲುತ್ತಿರಲಿಲ್ಲ. ಎಲ್ಲೂ ತಡವರಿಸುತ್ತಿರಲಿಲ್ಲ. ದಂಡಿನಲ್ಲಿದ್ದ ಮಗನ ಕಾಗದವಾದರೆ ಮಗನೇ ಬಂದು ಅಂಗಳದಲ್ಲಿ ನಿಂತು ಮಾತಾಡಿದಂತಿರುತ್ತಿತ್ತು. ಕೊಟ್ಟ ಮನೆಯಿಂದ ಮಗಳು ಬರೆಸಿದ ಕಾಗದವಾದರೆ ಮಗಳೇ ಹೊಸ್ತಿಲಲ್ಲಿ ಕೂತಂತೆ. ಕಾಗದ ಬಾರದವರೂ ಕೆಲಸ ಬಿಟ್ಟು ಕೇಳಲು ಬರುತ್ತಿದ್ದರು. ಒಂದು ಸಲ ಓದಿದ ಕಾಗದವನ್ನು ಅವನು ಎರಡನೆಯ ಸಲ ನೋಡುತ್ತಿರಲಿಲ್ಲ. ಒಂದೇ ಉಸಿರಿಗೆ ಓದಬೇಕು, ಒಂದೇ ಸಲ ಓದಬೇಕು. ತಿರುಗಿ ನೋಡುವವನು ಕಲಿಯುತ್ತಿರುವವನು, ಕಲಿತವನಲ್ಲ. ಇದು ಅವನ ಮಾತು.

ಊರಿನಲ್ಲಿ ಒಬ್ಬ ಮುದಿ ಕುರಿಗಾಹಿ ಇದ್ದ. ನೇಕಾರನನ್ನು ಕೆಣಕುವುದೆಂದರೆ ಅವನಿಗೆ ಎಲೆಯಡಿಕೆ ಹಾಕಿಕೊಂಡಷ್ಟು ಹಿತ. ನೇಕಾರ ಕಂಬಳಿ ಮುಗಿಸಿದ ಮೇಲೆ ಅದನ್ನು ನೆಲದ ಮೇಲೆ ಹಾಸಿ, ಬಿಟ್ಟುಹೋದ ಎಳೆ ಇದೆಯೇ ಎಂದು ಅಂಗೈಯಿಂದ ಮೂರು ಸಲ ಸವರಿ ನೋಡುತ್ತಿದ್ದ. ಅದನ್ನು ನೋಡಿ ಮುದುಕ ಕೇಳಿದ:

“ಏನಪ್ಪಾ, ಕಂಬಳಿಯನ್ನು ಮೂರು ಸಲ ಸವರುತ್ತೀಯ. ಕಾಗದವನ್ನು ಒಂದು ಸಲವೂ ಸವರುವುದಿಲ್ಲ. ಕಾಗದದಲ್ಲಿ ಎಳೆ ತಪ್ಪುವುದಿಲ್ಲವೋ?”

“ತಪ್ಪುವುದು ಕೈ, ಮಾವ,” ಎಂದ ನೇಕಾರ. “ಕಣ್ಣು ತಪ್ಪುವುದಿಲ್ಲ.”

ಕೂತವರೆಲ್ಲ ನಕ್ಕರು. ಮುದುಕನೂ ನಕ್ಕ.

ಆ ಊರಿನಲ್ಲಿ ಒಂದು ರೂಢಿಯಿತ್ತು. ಓದಿ ಮುಗಿಸಿದ ಮೇಲೆ, ಕಾಗದ ಯಾರದೋ ಅವರು ತಮಗೆ ಬೇಕಾದ ಒಂದು ಸಾಲನ್ನು ಕೇಳುವುದು. ಓದಿದವನು ಅವರ ಬೆರಳು ಹಿಡಿದು ಆ ಸಾಲಿನ ಮೇಲೆ ಇಡುವುದು. ಅವರು ಆ ಬೆರಳನ್ನು ಎತ್ತಿ ಕಣ್ಣಿಗೆ ಒತ್ತಿಕೊಳ್ಳುವುದು. ಅಕ್ಷರ ಬಾರದವರಿಗೆ ಕಾಗದವನ್ನು ಮುಟ್ಟಲು ಇದ್ದ ದಾರಿ ಅದೊಂದೇ. ಒಬ್ಬ ರೈತ ತನ್ನ ಮೊಮ್ಮಗನ ಹೆಸರಿರುವ ಸಾಲು ಕೇಳುತ್ತಿದ್ದ. ಒಬ್ಬ ಮುದುಕಿ, ನನ್ನನ್ನು ನೆನೆಸಿಕೊಂಡದ್ದು ಎಲ್ಲಿ ಎಂದು ಕೇಳುತ್ತಿದ್ದಳು. ನೇಕಾರ ಬೆರಳಿಡುತ್ತಿದ್ದ. ಎಷ್ಟೋ ಸಲ ಅವನು ಕಾಗದದ ಕಡೆ ನೋಡುತ್ತಲೂ ಇರಲಿಲ್ಲ. ಯಾವ ಮಾತು ಎಲ್ಲಿ ಬರುತ್ತದೆ ಎಂದು ಅವನ ಕೈಗೇ ಗೊತ್ತಿತ್ತು.

ಅದೇ ಊರಿನಲ್ಲಿ ಒಬ್ಬ ಕುಂಬಾರತಿ ಇದ್ದಳು. ಗಂಡ ತೀರಿದ ಮೇಲೆ ತಾನೇ ಮಣ್ಣು ಮೆಟ್ಟಿ ಗಡಿಗೆ ಮಾಡಿ ಮಗಳನ್ನು ಬೆಳೆಸಿದವಳು. ಮಗಳ ಹೆಸರು ಹಾಲವ್ವ. ಅವಳನ್ನು ಒಂದು ದಿನದ ಗಾಡಿ ದಾರಿಯ ಊರಿಗೆ ಕೊಟ್ಟಿದ್ದರು. ಅಳಿಯ ಓದುಬರಹ ಬಲ್ಲ ರೈತ. ಅವನು ಎರಡು ತಿಂಗಳಿಗೊಂದು ಕಾಗದ ಬರೆಯುತ್ತಿದ್ದ. ಒಂಬತ್ತು ಕಾಗದ ಬಂದಿದ್ದವು. ಒಂಬತ್ತರಲ್ಲೂ ಮೊದಲ ಸಾಲಿನಲ್ಲಿ ಅತ್ತೆಗೆ ನಮಸ್ಕಾರ. ಎರಡನೆಯ ಸಾಲಿನಲ್ಲಿ, ‘ಇಲ್ಲಿ ನಿಮ್ಮ ಮಗಳು ಹಾಲವ್ವ ಕ್ಷೇಮ’. ಕುಂಬಾರತಿ ಪ್ರತಿ ಸಲ ಕೇಳುತ್ತಿದ್ದದ್ದು ಆ ಸಾಲನ್ನೇ. ಅವಳು ಮಣ್ಣಿನ ಕೈಯಲ್ಲೇ ಓಡಿ ಬರುತ್ತಿದ್ದಳು. ಹಾಗಾಗಿ ಒಂಬತ್ತು ಕಾಗದದಲ್ಲೂ ಎರಡನೆಯ ಸಾಲಿನ ಮೇಲೆ ಅವಳ ಬೆರಳಿನ ಮಣ್ಣಿನ ಗುರುತಿತ್ತು. ಒಂಬತ್ತನೆಯದರಲ್ಲಿ ಹಾಲವ್ವ ಬಸುರಿ ಎಂಬ ಸುದ್ದಿಯೂ ಇತ್ತು. ಒಂಬತ್ತನ್ನೂ ಒಂದು ಹೊಸ ಗಡಿಗೆಯಲ್ಲಿ ಹಾಕಿ ಬಾಯಿ ಕಟ್ಟಿಟ್ಟಿದ್ದಳು.

ಹೀಗಿರುವಾಗ ಪಕ್ಕದ ಊರಿನವರು ಶಾಲೆ ಕಟ್ಟಿಸಿದರು. ಗೋಡೆ ಎದ್ದಿತು, ಚಾವಣಿ ಕೂತಿತು, ಮೇಷ್ಟ್ರು ಬೇಕಾಯಿತು. ನೇಕಾರನ ಹೆಸರು ಅವರ ಕಿವಿಗೂ ಬಿದ್ದಿತ್ತು. ಆ ಊರಿನ ಇಬ್ಬರು ಹಿರಿಯರು ಅವನನ್ನು ನೋಡಲು ಬರುತ್ತೇವೆಂದು ಹೇಳಿಕಳಿಸಿದರು. ಬೇರೆ ಏನೂ ಕೇಳುವುದಿಲ್ಲ; ಅಂಚೆಯ ದಿನ ಬರುತ್ತೇವೆ, ಬಂದ ಕಾಗದ ಓದು, ನಾವು ಕೇಳುತ್ತೇವೆ ಎಂದರು.

ನೇಕಾರನಿಗೆ ಆ ವಾರವೆಲ್ಲ ಲಾಳಿ ಕೈಯಲ್ಲಿ ನಿಲ್ಲಲಿಲ್ಲ. ಮೇಷ್ಟ್ರೇ ಎಂದು ಒಬ್ಬರಾದರೂ ತನ್ನನ್ನು ಕರೆಯಬೇಕು ಎಂಬುದು ಅವನ ಆಸೆ. ಕುರಿಯ ಹಿಂದೆ ನಡೆದು ಮೈಲಿಗಲ್ಲು ಓದುತ್ತಿದ್ದಾಗಿನ ಆಸೆ. ಅದನ್ನು ಅವನು ಯಾರ ಮುಂದೆಯೂ ಹೇಳಿರಲಿಲ್ಲ. ಯಾರೂ ಕೇಳಿಯೂ ಇರಲಿಲ್ಲ.

ಅಂಚೆಯ ದಿನ ಬಂತು. ಜೋಳದ ಸುಗ್ಗಿಯ ಕಾಲ. ಆದರೂ ಊರಿಗೆ ಊರೇ ಹೊಲ ಬಿಟ್ಟು ಬಂದು ಮಗ್ಗದ ಮುಂದೆ ಕೂತಿತ್ತು. ನಮ್ಮ ನೇಕಾರನನ್ನು ಪರೀಕ್ಷೆ ಮಾಡಲು ಬಂದಿದ್ದಾರಂತೆ, ಪರೀಕ್ಷೆ ಮಾಡುವವರ ಕಿವಿ ಗಟ್ಟಿಯಿದೆಯೋ ನೋಡೋಣ ಎಂದು ಹೆಂಗಸರು ಮಾತಾಡಿಕೊಂಡರು. ಇಬ್ಬರು ಹಿರಿಯರು ಕಂಬಳಿಯ ಮೇಲೆ ಕೂತರು. ಅಂದು ಬಂದದ್ದು ಒಂದೇ ಕಾಗದ. ಕುಂಬಾರತಿಯ ಕಾಗದ. ಅವಳು ಮಣ್ಣಿನ ಕೈಯಲ್ಲೇ ಓಡಿಬಂದು ಮುಂದೆ ಕೂತಳು.

ನೇಕಾರ ಕಾಗದ ಬಿಡಿಸಿ ಓದಿದ. ಅತ್ತೆಗೆ ನಮಸ್ಕಾರ ಓದಿದ. ಇಲ್ಲಿ ನಿಮ್ಮ ಮಗಳು ಹಾಲವ್ವ ಕ್ಷೇಮ ಎಂದು ಓದಿದ. ಅವ್ವ ಕ್ಷೇಮ, ಅಪ್ಪ ಕ್ಷೇಮ, ಎರಡೆಮ್ಮೆ ಒಂದು ಕರು ಕ್ಷೇಮ ಎಂದು ಓದಿದ. ಈಗ ನಮ್ಮ ಅವ್ವನೇ ಬಾವಿಯಿಂದ ನೀರು ತರುತ್ತಾಳೆ, ರೊಟ್ಟಿಯನ್ನೂ ಅವಳೇ ಬಡಿಯುತ್ತಾಳೆ ಎಂದು ಓದಿದಾಗ ಹೆಂಗಸರು ಒಬ್ಬರನ್ನೊಬ್ಬರು ತಿವಿದು ನಕ್ಕರು. ಅತ್ತೆಯ ಕೈಯಲ್ಲಿ ನೀರು ತರಿಸುತ್ತಾಳಂತೆ, ಹಾಲವ್ವ ರಾಣಿಯಾದಳು ಎಂದರು. ನಾನು ಹೊಲಕ್ಕೆ ಹೋಗಿ ಎಂಟು ದಿನವಾಯಿತು, ಜೋಳ ನಿಂತೇ ಇದೆ ಎಂದು ಓದಿದಾಗ ಗಂಡಸರು ನಕ್ಕರು. ಹೆಂಡತಿಯ ಮುಖ ನೋಡುತ್ತ ಕೂತರೆ ಜೋಳ ತಾನೇ ಬಂದು ಕಣ ಸೇರುತ್ತದೆಯೇ ಎಂದು ಹಾಸ್ಯ ಮಾಡಿದರು. ಸುಗ್ಗಿ ಮುಗಿಯಲಿ ಎಂದು ಕಾಯದೆ ಬಂದುಹೋಗಿ, ಬರುವಾಗ ಹಳೆಯ ಸೀರೆಗಳಿದ್ದರೆ ತನ್ನಿ ಎಂಬಲ್ಲಿಗೆ ಕಾಗದ ಮುಗಿಯಿತು. ಕುಂಬಾರತಿಯೂ ನಗುತ್ತಿದ್ದಳು.

ಅಂಥ ಓದನ್ನು ಆ ಇಬ್ಬರು ಹಿರಿಯರು ಕೇಳಿರಲಿಲ್ಲ. ಒಬ್ಬ ಇನ್ನೊಬ್ಬನ ಕಡೆ ನೋಡಿ ತಲೆದೂಗಿದ. ಆಯಿತು ಎಂಬಂತೆ ಇನ್ನೊಬ್ಬ ಕಣ್ಣು ಮುಚ್ಚಿ ತೆರೆದ. ನೇಕಾರ ಅದನ್ನು ಕಂಡ. ಅವನ ಎದೆ ತುಂಬಿತು.

ಆಗ ಕುಂಬಾರತಿ ಕೈ ಚಾಚಿದಳು. “ನನ್ನ ಸಾಲಿಗೆ ಬೆರಳಿಡು, ತಮ್ಮಾ,” ಎಂದಳು.

ನೇಕಾರ ಅವಳ ಬೆರಳು ಹಿಡಿದ. ಎಂದಿನಂತೆ ಎರಡನೆಯ ಸಾಲಿಗೆ ಒಯ್ದ. ಹಿರಿಯರು ನೋಡುತ್ತಿದ್ದಾರೆ ಎಂದು ಆ ಹೊತ್ತು ಅವನೂ ಕಾಗದವನ್ನು ನೋಡಿದ.

ಎರಡನೆಯ ಸಾಲಿನಲ್ಲಿ ಅವ್ವ ಇದ್ದಳು, ಅಪ್ಪ ಇದ್ದ. ಎರಡೆಮ್ಮೆ ಇದ್ದವು, ಕರು ಇತ್ತು. ಹಾಲವ್ವ ಇರಲಿಲ್ಲ. ಅವನು ಮೊದಲ ಸಾಲು ನೋಡಿದ. ಮೂರನೆಯದು ನೋಡಿದ. ಕೊನೆಯವರೆಗೆ ನೋಡಿ ಮತ್ತೆ ಮೇಲಕ್ಕೆ ಬಂದ. ಇಡೀ ಕಾಗದದಲ್ಲಿ ಹಾಲವ್ವನ ಹೆಸರೇ ಇರಲಿಲ್ಲ.

ಇಲ್ಲದ್ದನ್ನು ತಾನು ಓದಿದ್ದ. ಒಂಬತ್ತು ಸಲ ಓದಿ ಓದಿ ಅವನ ಬಾಯಿ ಆ ಸಾಲನ್ನು ಕಾಗದಕ್ಕೆ ಕಾಯದೆ ಹೇಳಿಬಿಟ್ಟಿತ್ತು.

ಕುಂಬಾರತಿಯ ಬೆರಳು ಅವನ ಕೈಯಲ್ಲಿತ್ತು. ಕಾಗದಕ್ಕೂ ಬೆರಳಿಗೂ ನಡುವೆ ಒಂದು ಗೇಣು. ಅದನ್ನು ಎಮ್ಮೆಯ ಮೇಲೆ ಇಟ್ಟರೂ ಅವಳು ಕಣ್ಣಿಗೆ ಒತ್ತಿಕೊಂಡು ಮನೆಗೆ ಹೋಗುತ್ತಿದ್ದಳು. ಕೂತವರಲ್ಲಿ ಒಬ್ಬರಿಗೂ ತಿಳಿಯುತ್ತಿರಲಿಲ್ಲ. ಹಿರಿಯರು ಕೂತಿದ್ದದ್ದು ಕಾಗದದ ಹಿಂಬದಿಗೆ, ಅವರಿಗೂ ತಿಳಿಯುತ್ತಿರಲಿಲ್ಲ. ಶಾಲೆ ಅವನದಾಗುತ್ತಿತ್ತು. ಮೇಷ್ಟ್ರೇ ಎಂಬ ಮಾತು ಒಂದು ಗೇಣಿನ ದೂರದಲ್ಲಿತ್ತು.

ಅವನು ಬೆರಳನ್ನು ಕೆಳಗಿಡಲಿಲ್ಲ.

“ಅವ್ವಾ,” ಎಂದ, “ಆ ಸಾಲು ಇದರಲ್ಲಿ ಇಲ್ಲ. ನಾನು ಓದಿದೆ. ಇದರಲ್ಲಿ ಇಲ್ಲ.”

ಕುಂಬಾರತಿ ಅವನ ಮುಖವನ್ನೇ ನೋಡಿದಳು. ಬೈಯಲಿಲ್ಲ, ಅಳಲಿಲ್ಲ.

“ಹಾಗಾದರೆ ಇರುವುದನ್ನು ಓದಪ್ಪ,” ಎಂದಳು.

ನೇಕಾರ ಮಗ್ಗದಿಂದ ಇಳಿದು ಅವಳ ಪಕ್ಕದಲ್ಲಿ ನೆಲದ ಮೇಲೆ ಕೂತ. ಕಾಗದವನ್ನು ತೊಡೆಯ ಮೇಲೆ ಹರಡಿದ. ಅವಳ ಬೆರಳನ್ನು ಮೊದಲ ಮಾತಿನ ಕೆಳಗೆ ಇಟ್ಟ. ಅ ಆ ಕಲಿಯುವ ಮಗುವಿನ ಹಾಗೆ ಒಂದೊಂದೇ ಮಾತಿಗೆ ಬೆರಳು ಸರಿಸುತ್ತ ಓದಿದ. ಈ ಸಲ ಯಾರ ದನಿಯೂ ಅದರಲ್ಲಿರಲಿಲ್ಲ. ಬೆರಳು ಸರಿದಲ್ಲೆಲ್ಲ ಸಾಲಿನ ಕೆಳಗೆ ಮಣ್ಣಿನ ಗೀಟು ಬಿತ್ತು.

ಅವ್ವ ಕ್ಷೇಮ. ಅಪ್ಪ ಕ್ಷೇಮ. ಎರಡೆಮ್ಮೆ ಒಂದು ಕರು ಕ್ಷೇಮ. ಈಗ ನಮ್ಮ ಅವ್ವನೇ ಬಾವಿಯಿಂದ ನೀರು ತರುತ್ತಾಳೆ.

ಮೊದಲು ನಕ್ಕ ಹೆಂಗಸರು ಈಗ ನಗಲಿಲ್ಲ. ಹಾಲವ್ವನ ಅತ್ತೆಗೆ ಮಂಡಿನೋವೆಂದು ಅವರಿಗೆ ಗೊತ್ತಿತ್ತು. ಮಂಡಿನೋವಿನವಳು ಕೊಡ ಹೊರುತ್ತಾಳೆ ಎಂದರೆ ಕೊಡ ಹೊರುವವಳು ಎಲ್ಲಿದ್ದಾಳೆ? ನಾನು ಹೊಲಕ್ಕೆ ಹೋಗಿ ಎಂಟು ದಿನವಾಯಿತು. ಗಂಡಸರು ನೆಲ ನೋಡಿದರು. ನಿಂತ ಜೋಳ ಬಿಟ್ಟು ಎಂಟು ದಿನ ಮನೆಯಲ್ಲಿ ಕೂರುವ ರೈತ ಯಾವ ಊರಿನಲ್ಲೂ ಇಲ್ಲ. ಅವೇ ಸಾಲುಗಳು. ಒಂದಕ್ಷರ ಬದಲಾಗಿರಲಿಲ್ಲ. ಅವುಗಳ ಮೇಲಿಂದ ಕ್ಷೇಮದ ಸಾಲೊಂದನ್ನು ತೆಗೆದದ್ದೇ ತಡ, ಉಳಿದ ಸಾಲೆಲ್ಲ ಬಾಯಿಬಿಟ್ಟು ಮಾತಾಡಿದವು.

ಸೀರೆಗಳಿದ್ದರೆ ತನ್ನಿ ಎಂಬಲ್ಲಿಗೆ ಬರುವಷ್ಟರಲ್ಲಿ ಕುಂಬಾರತಿ ಎದ್ದು ನಿಂತಿದ್ದಳು. ಅವಳಿಗೆ ಒಂದಕ್ಷರ ಬಾರದು. ಆದರೆ ಇದ್ದದ್ದನ್ನು ಇದ್ದಂತೆ ಓದಿದ ಮೇಲೆ ಅವಳಿಗೆ ಬಿಡಿಸಿ ಹೇಳಬೇಕಾದ್ದು ಏನೂ ಉಳಿದಿರಲಿಲ್ಲ. ಮಗಳು ಏಳು ತಿಂಗಳ ಬಸುರಿ, ಹಾಸಿಗೆ ಹಿಡಿದಿದ್ದಾಳೆ, ಗಾಡಿ ಕಟ್ಟಿ ಎಂದಳು. ಮುದಿ ಕುರಿಗಾಹಿ ತಾನೇ ಓಡಿಹೋಗಿ ಎತ್ತು ತಂದ. ಕೆಣಕುವುದಕ್ಕೆ ಅಂಥ ಹೊತ್ತು ಅವನಿಗೆ ಮತ್ತೆ ಸಿಗುವಂತಿರಲಿಲ್ಲ. ಆದರೂ ಅವನು ಏನೂ ಅನ್ನಲಿಲ್ಲ. ಗಾಡಿ ಹೊರಟಿತು.

ಇಬ್ಬರು ಹಿರಿಯರೂ ಎದ್ದರು. ಒಬ್ಬ, ಓದು ಚೆನ್ನಾಗಿತ್ತು, ಆದರೆ ತಪ್ಪಿತಲ್ಲಪ್ಪ ಎಂದ. ನೇಕಾರ ಹೌದು ಎಂದ. ಅವರು ಹೋದರು. ಮುಂದಿನ ವಾರ ಆ ಶಾಲೆಗೆ ಬೇರೆ ಕಡೆಯಿಂದ ಮೇಷ್ಟ್ರು ಬಂದರೆಂದು ಸುದ್ದಿ ಬಂತು. ನೇಕಾರ ಆ ಸುದ್ದಿ ಕೇಳುತ್ತ ಕಂಬಳಿ ಸವರುತ್ತಿದ್ದ. ಸವರುವುದನ್ನು ನಿಲ್ಲಿಸಲಿಲ್ಲ.

ಅತ್ತ ಕುಂಬಾರತಿ ಮಗಳ ಮನೆ ಮುಟ್ಟಿದಾಗ ಹಾಲವ್ವನಿಗೆ ಜ್ವರ ಹತ್ತಿ ಹದಿಮೂರು ದಿನವಾಗಿತ್ತು. ಬಾಯಿಗೆ ಏನೂ ಸೇರುತ್ತಿರಲಿಲ್ಲ. ಗುರುತು ಹಿಡಿಯುತ್ತಿರಲಿಲ್ಲ. ಅವ್ವ ಬಂದಳು ಎಂದಾಗ ಕಣ್ಣು ತೆರೆದಳು. ಅವ್ವ ಗಂಜಿ ಕುಡಿಸಿದಾಗ ಒಂದು ಗುಟುಕು ನುಂಗಿದಳು. ಮರುದಿನ ಎರಡು ಗುಟುಕು. ಹಳೆಯ ಸೀರೆಗಳನ್ನು ಹರಿದು, ತಣ್ಣೀರಿನಲ್ಲಿ ನೆನೆಸಿ, ಹಣೆಗೂ ಅಂಗಾಲಿಗೂ ಹಾಕುತ್ತ ಕುಂಬಾರತಿ ಹನ್ನೊಂದು ದಿನ ಹಾಸಿಗೆಯ ಪಕ್ಕ ಬಿಟ್ಟು ಏಳಲಿಲ್ಲ. ಹನ್ನೆರಡನೆಯ ದಿನ ಹಾಲವ್ವ ಎದ್ದು ಕೂತಳು. ಇನ್ನೆರಡು ದಿನ ತಡವಾಗಿದ್ದರೆ ಎರಡು ಜೀವ ಹೋಗುತ್ತಿತ್ತು ಎಂದು ಆ ಊರಿನ ಸೂಲಗಿತ್ತಿ ಹೇಳಿದಳು.

ಸುಗ್ಗಿ ಮುಗಿದ ಮೇಲೆ ಅಳಿಯ ಅತ್ತೆಯನ್ನು ಕರೆತಂದು ಬಿಟ್ಟ. ಊರವರು ಅವನನ್ನು ಸುಮ್ಮನೆ ಬಿಡಲಿಲ್ಲ. ಓದುಬರಹ ಬಲ್ಲವನು ನೀನು, ಮಗಳಿಗೆ ಹುಷಾರಿಲ್ಲ ಬನ್ನಿ ಎಂದು ಒಂದು ಸಾಲು ಬರೆಯಲು ಏನು ಧಾಡಿ ಎಂದು ಕಟ್ಟೆಯ ಮೇಲೆ ಕೂರಿಸಿಕೊಂಡು ಕೇಳಿದರು. ಅವನು ತಲೆ ತಗ್ಗಿಸಿ ಹೇಳಿದ. ಹಾಲವ್ವ ಆಣೆ ಮಾಡಿಸಿಕೊಂಡಿದ್ದಳು. ಅವ್ವ ಒಬ್ಬಳೇ ಇದ್ದಾಳೆ, ಹೆದರಿ ಸಾಯುತ್ತಾಳೆ, ಹುಷಾರಿಲ್ಲ ಎಂದು ಬರೆಯಬೇಡ, ಕ್ಷೇಮ ಎಂದೇ ಬರೆ ಎಂದಿದ್ದಳು.

“ನಿಜ ಬರೆಯಲು ಅವಳು ಬಿಡಲಿಲ್ಲ, ಸುಳ್ಳು ಬರೆಯಲು ಕೈ ಏಳಲಿಲ್ಲ,” ಎಂದ. “ಆ ಸಾಲು ಬಿಟ್ಟು ಉಳಿದದ್ದು ಬರೆದೆ. ಈ ಊರಿನಲ್ಲಿ ಒಬ್ಬ ದೊಡ್ಡ ಓದುಗ ಇದ್ದಾನೆ ಎಂದು ಕೇಳಿದ್ದೆ. ಬಿಟ್ಟದ್ದನ್ನೂ ಅವನು ಓದುತ್ತಾನೆ ಎಂದು ನಂಬಿದೆ.”

ನೇಕಾರ ಅಲ್ಲೇ ಕೂತಿದ್ದ. ಎಲ್ಲರೂ ಅವನ ಕಡೆ ನೋಡಿದರು. ತನ್ನ ಹೆಸರು ತನಗಿಂತ ಮುಂದೆ ನಡೆದು ಆ ಊರಿಗೆ ಮುಟ್ಟಿತ್ತು. ತಾನು ಅದರ ಹಿಂದೆ ಒಂದು ಗೇಣು ಉಳಿದುಬಿಟ್ಟಿದ್ದೆ ಎಂದು ಅವನಿಗೆ ಅನ್ನಿಸಿತು. ಅವನು ಎದ್ದು ಅಳಿಯನಿಗೆ ಕೈ ಮುಗಿದ. ಅಂಥ ಕಾಗದ ಬರೆಯುವವನು ಸಿಕ್ಕುವುದು ಅಪರೂಪ ಎಂದಷ್ಟೇ ಹೇಳಿದ.

ಅಂದಿನಿಂದ ಅವನ ಓದು ಬದಲಾಯಿತು. ಕಾಗದ ಕೈಗೆ ಬಂದರೆ ಮೊದಲು ಬಾಯಿ ಮುಚ್ಚಿ ಓದುತ್ತಿದ್ದ. ಆಮೇಲೆ ಬಾಯಿ ಬಿಟ್ಟು ಓದುತ್ತಿದ್ದ. ಮೂರನೆಯ ಸಲ, ಕೇಳುವವರ ಬೆರಳು ಹಿಡಿದು. ಬರೆಯುವುದೂ ಬದಲಾಯಿತು. ಯಾರಾದರೂ ಕಾಗದ ಬರೆಸಲು ಬಂದರೆ ಹೇಳಿದ್ದನ್ನೆಲ್ಲ ಬರೆದು ಪಕ್ಕಕ್ಕಿಟ್ಟು, ಒಂದು ಮೊಳ ಕಂಬಳಿ ನೇಯುತ್ತಿದ್ದ. ನೇಯ್ದು ಬಂದು, ಬೇರೆ ಯಾರೋ ಬರೆದ ಕಾಗದದಂತೆ ಅದನ್ನು ಎತ್ತಿ ಓದುತ್ತಿದ್ದ. ನೀವು ಮುಖ್ಯವಾಗಿ ಹೇಳಬೇಕೆಂದಿದ್ದ ಮಾತು ಯಾವುದು ಎಂದು ಬರೆಸಿದವರನ್ನು ಕೇಳುತ್ತಿದ್ದ. ಅವರು ಹೇಳುತ್ತಿದ್ದರು. ಆ ಮಾತಿನ ಮೇಲೆ ಅವರ ಬೆರಳಿಡಲು ಹೋಗುತ್ತಿದ್ದ. ಎಷ್ಟೋ ಸಲ ಊರಿನ ಸುದ್ದಿಯೆಲ್ಲ ಇರುತ್ತಿತ್ತು, ಆ ಮಾತೊಂದೇ ಇರುತ್ತಿರಲಿಲ್ಲ. ಆಗ ಕಾಗದ ಹರಿದು ಹೊಸದಾಗಿ ಬರೆಯುತ್ತಿದ್ದ. ಬರೆಸಲು ಬಂದವರು ಗೊಣಗುತ್ತಿದ್ದರು. ಮೊದಲು ಹಳ್ಳದ ನೀರಿನಂತೆ ಓಡುತ್ತಿದ್ದೆ, ಈಗ ಕೆಸರಿಗೆ ಬಿದ್ದ ಕೋಣವಾದೆ ಎಂದು ಮುದಿ ಕುರಿಗಾಹಿ ಹಳೆಯ ಚಾಳಿ ಶುರು ಮಾಡಿದ. ಕೋಣ ತಡವಾಗಿ ಬಂದರೂ ಮನೆಗೇ ಬರುತ್ತದೆ ಮಾವ ಎಂದು ನೇಕಾರ ನಗುತ್ತಿದ್ದ.

ಸೊಕ್ಕು ಹೋಯಿತೇ ಎಂದರೆ, ಹೋಗಲಿಲ್ಲ. ಮೊದಲು ಒಂದೇ ಸಲ ಓದುತ್ತೇನೆ ಎಂದು ಜಂಬಪಡುತ್ತಿದ್ದವನು ಈಗ ಮೂರು ಸಲ ಓದುತ್ತೇನೆ ಎಂದು ಜಂಬಪಡುತ್ತಿದ್ದ. ಏಳೂರಿನ ಜನ ತಮ್ಮೂರಿನ ಓದುಗರನ್ನು ದಾಟಿಕೊಂಡು ಅವನ ಮಗ್ಗದ ಮುಂದೆ ಬಂದು ಕೂರುತ್ತಿದ್ದರು.

ಹಾಲವ್ವನಿಗೆ ಹೆರಿಗೆಯಾದ ಮೇಲೆ ಹನ್ನೊಂದನೆಯ ಕಾಗದ ಬಂತು. ಕುಂಬಾರತಿ ಮಣ್ಣಿನ ಕೈಯಲ್ಲೇ ಓಡಿಬಂದಳು. ಅವನು ಮಗ್ಗದ ಮೇಲಿದ್ದ. ಕಾಗದವನ್ನು ಅವನ ಮುಂದೆ ಚಾಚಿ ನಿಂತಳು.

“ಓದಿ, ಮೇಷ್ಟ್ರೇ,” ಎಂದಳು.

ನೇಕಾರ ಕಾಗದ ತೆಗೆದುಕೊಂಡ. ಆದರೆ ಬಹಳ ಹೊತ್ತು ಅವನಿಗೆ ಅಕ್ಷರ ಕಾಣಲಿಲ್ಲ.

ಕತೆ ಅಲ್ಲಿಗೆ ನಿಂತಿತು. ಜಗಲಿಯ ಮೇಲೆ ಓದುತ್ತಿದ್ದವರೆಲ್ಲ ಯಾವಾಗಲೋ ಓದು ಬಿಟ್ಟು ಕೇಳುತ್ತಿದ್ದರು. ಕೊಟ್ರೇಶನಿಗೆ ನೇಕಾರ ಬಹಳ ಹಿಡಿಸಿದ್ದ. ತನ್ನಂಥವನೇ, ತಾನೇ ಕಲಿತವನು, ತಲೆ ಎತ್ತಿ ನಡೆಯುವವನು. ಗಂಡಸು ಎಂದರೆ ಅವನು ಎಂದು ಮನಸ್ಸಿನಲ್ಲೇ ಹೊಗಳಿಕೊಂಡ. ಆದರೆ ತನ್ನ ಪ್ರಶ್ನೆಗೆ ಅದು ಉತ್ತರವಲ್ಲ ಎಂದುಕೊಂಡ. ನೇಕಾರ ಓದಿದ್ದು ಅಂದೇ ಬಂದ ಕಾಗದ. ನನ್ನದು ಏಳು ಸಲ ಓದಿದ ಪುಸ್ತಕ, ಅದಕ್ಕೂ ಇದಕ್ಕೂ ಏನು ಸಂಬಂಧ ಎಂದು ಗುರುಗಳಿಗೆ ಹೇಳಿಯೂ ಬಿಟ್ಟ.

ಗುರುಗಳು ಬೆಳಗಿನ ಹಾಳೆಯನ್ನು ತೆಗೆ ಎಂದರು. ಅವನು ತೆಗೆದ. ನಾಲ್ಕನೆಯ ಉತ್ತರ ಓದು ಎಂದರು. ಬೆಲ್ಲ, ನೀರು ಕೊಟ್ಟಳು ಎಂದು ಓದಿದ. ಗುರುಗಳು ಗದ್ಯಭಾಗವನ್ನು ಅವನ ಮುಂದೆ ಸರಿಸಿ, ಬೆಲ್ಲದ ಮೇಲೆ ಬೆರಳಿಡು ಎಂದರು.

ಕೊಟ್ರೇಶ ಬೆರಳಿಡಲು ಹೋದ. ನೀರಿನ ಸಾಲು ಸಿಕ್ಕಿತು. ಮನೆಯಾಕೆ ಒಳಗೆ ಹೋಗಿ ಒಂದು ತಂಬಿಗೆ ನೀರು ತಂದುಕೊಟ್ಟಿದ್ದಳು. ಬೆರಳು ಹಿಂದಿನ ಸಾಲಿಗೆ ಹೋಯಿತು, ಮುಂದಿನ ಸಾಲಿಗೆ ಬಂತು, ಕೊನೆಯವರೆಗೆ ಇಳಿಯಿತು. ಅವನ ಹಳ್ಳಿಯಲ್ಲಿ ಬಂದವರಿಗೆ ಬೆಲ್ಲ ಕೊಡದೆ ಬರೀ ನೀರು ಕೊಟ್ಟ ಮನೆ ಒಂದೂ ಇರಲಿಲ್ಲ. ಆ ಗದ್ಯಭಾಗದಲ್ಲಿ ಬೆಲ್ಲ ಇರಲಿಲ್ಲ.

“ಈ ಭಾಗವನ್ನು ನಾನು ಮೊದಲು ನೋಡಿಯೇ ಇರಲಿಲ್ಲ, ಗುರುಗಳೇ,” ಎಂದ. ದನಿ ಕೆಳಗಿಳಿದಿತ್ತು.

“ನೋಡಿರಲಿಲ್ಲ,” ಎಂದರು ಗುರುಗಳು, “ಆದರೂ ನಿನಗೆ ಅದು ಬಾಯಿಪಾಠವಾಗಿತ್ತು.”

ಕೊಟ್ರೇಶ ಮುಚ್ಚಿಟ್ಟಿದ್ದ ಪುಸ್ತಕ ತೆರೆದು, ಮೊದಲ ಸಾಲಿನ ಮೇಲೆ ಬೆರಳಿಟ್ಟ.